ಹೊನ್ನಾವರದಿಂದ ಹೊರಟ ಒಂದು ಸುದ್ದಿ

ಯುದ್ಧಕಾಲದಲ್ಲಿ ಧಾನ್ಯದ ಬೆಲೆ ಏರುತ್ತದೆ, ಚಿನ್ನದ ಬೆಲೆ ಏರುತ್ತದೆ. ಇವೆರಡಕ್ಕಿಂತಲೂ ಬೇಗನೆ ಏರುವುದು ಸುದ್ದಿಯ ಬೆಲೆ. ಶಾಂತಿಕಾಲದಲ್ಲಿ ಯಾರೂ ಕಿವಿಗೊಡದ ಒಂದು ಮಾತು ಯುದ್ಧಕಾಲದಲ್ಲಿ ರಾಜ್ಯವನ್ನೇ ಉರುಳಿಸಬಲ್ಲದು. ಅದರಲ್ಲಿಯೂ ಒಂದು ಬಗೆಯ ಸುದ್ದಿಗೆ ಎಲ್ಲ ಕಾಲದ, ಎಲ್ಲ ದೇಶದ ದೊರೆಗಳೂ ಕಿವಿ ನಿಮಿರಿಸಿದ್ದಾರೆ: ನಿಮಗೆ ಸೋತು ಓಡಿದವರು ಗಡಿಯಾಚೆ ಸೇರಿಕೊಂಡಿದ್ದಾರೆ, ಅಲ್ಲಿ ಮತ್ತೆ ಆಯುಧ ಮಸೆಯುತ್ತಿದ್ದಾರೆ, ಅಲ್ಲಿಯ ಪ್ರಭುವು ಅವರಿಗೆ ಅನ್ನವಿಕ್ಕಿ ಸಾಕುತ್ತಿದ್ದಾನೆ. ಈ ಮೂರು ವಾಕ್ಯಗಳನ್ನು ಕೇಳಿಯೂ ಸುಮ್ಮನಿದ್ದ ದೊರೆಗಳು ಇತಿಹಾಸದಲ್ಲಿ ವಿರಳ.

ನಮ್ಮ ಉತ್ತರ ಕನ್ನಡದ ಕರಾವಳಿಯಿಂದಲೂ ಅಂಥ ಸುದ್ದಿಯೊಂದು ೧೫೧೦ನೆಯ ಇಸವಿಯ ಆದಿಯಲ್ಲಿ ಹೊರಟಿತು. ಅದನ್ನು ಹೇಳಿದವನು ಹೊನ್ನಾವರದವನು. ಕೇಳಿದವನು ಪೋರ್ಚುಗಲ್ ದೇಶದವನು. ಸುದ್ದಿಯ ಮೊದಲ ಮಾತು ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೂ ಅದರ ಬೆನ್ನು ಹಿಡಿದು ಬಂದ ಪರಿಣಾಮವೆಂದರೆ ಗೋವೆಯು ೪೫೧ ವರ್ಷ ಪರಕೀಯರ ವಶದಲ್ಲಿ ಉಳಿಯಿತು. ಸುದ್ದಿ ಹೇಳಿದವನ ಊರೂ ಪಕ್ಕದ ಭಟ್ಕಳವೂ ಮುಂದೊಂದು ದಿನ ಅದೇ ಫಿರಂಗಿಗಳ ಬೆಂಕಿಗೆ ತುತ್ತಾದುವು. ನಿಜವಾದ ಸುದ್ದಿಯೊಂದು ಇಷ್ಟು ಕೇಡನ್ನು ಹೇಗೆ ಮಾಡೀತು? ಈ ವಾರ ವಾಚಕರೊಡನೆ ಅದನ್ನೇ ವಿಚಾರಿಸಬೇಕೆಂದಿದ್ದೇನೆ.

ಗಡಿಯೂ ಕುದುರೆಯೂ

ಇಂದು ಕೊಂಕಣ ರೈಲಿನಲ್ಲಿ ಕುಮಟೆಯಿಂದ ಭಟ್ಕಳಕ್ಕೆ ಹೋಗುವ ಪ್ರಯಾಣಿಕನು ಹೊನ್ನಾವರದ ಬಳಿ ಶರಾವತಿಯ ಉದ್ದನೆಯ ಸೇತುವೆಯ ಮೇಲೆ ಬಂದಾಗ ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗುವುದುಂಟು. ಅಷ್ಟು ಅಗಲವಾದ ನೀರು ಅದು. ಐದು ಶತಮಾನಗಳ ಹಿಂದೆ ಆ ಅಳಿವೆಯೊಳಗೆ ಹಾಯಿಹಡಗುಗಳು ಬಂದು ನಿಲ್ಲುತ್ತಿದ್ದುವು. ಉತ್ತರಕ್ಕೆ, ಇಂದಿನ ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ತಟದ ಮಿರ್ಜಾನ, ದಕ್ಷಿಣಕ್ಕೆ ಭಟ್ಕಳ. ಕುಮಟೆಯ ಹೆಸರು ಹತ್ತಿಯ ಬಂದರೆಂದು ಮುಂಬಯಿಯ ಪೇಟೆಯಲ್ಲಿ ಮೊಳಗಿದ್ದು ಬಹಳ ಮುಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಕಾಲದಲ್ಲಿ ಆ ಭಾಗದ ಬಂದರೆಂದರೆ ಮಿರ್ಜಾನವೇ.

ಈ ಮೂರೂ ಬಂದರುಗಳು ಗೇರುಸೊಪ್ಪೆ, ಹಾಡುವಳ್ಳಿ ಮೊದಲಾದ ಘಟ್ಟದ ಬುಡದ ಅರಸುಮನೆತನಗಳ ಕೈಯಲ್ಲಿದ್ದುವು. ಆ ಅರಸರು ವಿಜಯನಗರಕ್ಕೆ ನಡೆದುಕೊಳ್ಳುವವರು. ಉತ್ತರದಲ್ಲಿ ಕಾಳೀ ನದಿಯ ಅಳಿವೆಯು ಗಡಿ. ಅದರಾಚೆ, ಇಂದಿನ ಸದಾಶಿವಗಡದ ಪರಿಸರದಲ್ಲಿ, ಪೋರ್ಚುಗೀಸರು ಸಿಂತಾಕೋರ ಎಂದು ಕರೆದ ಕೋಟೆಯಿದ್ದಿತು. ಅದೂ ಅದರ ಹಿಂದಿನ ಗೋವೆಯೂ ಬಿಜಾಪುರದ ಆದಿಲ್ ಖಾನನವು. ಸುಮಾರು ೧೫೧೬ರಲ್ಲಿ ಈ ತೀರವನ್ನು ವರ್ಣಿಸಿದ ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸನು, ದಖ್ಖನ ರಾಜ್ಯ ಮುಗಿದು ವಿಜಯನಗರದ ರಾಜ್ಯ ಮೊದಲಾಗುವುದು ಈ ನದಿಯಲ್ಲಿಯೇ ಎಂದು ಬರೆದಿದ್ದಾನೆ. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದುದನ್ನೂ ಹೋರ್ಮುಜಿನಿಂದ ಕುದುರೆಗಳು ಬಂದು ಇಳಿಯುತ್ತಿದ್ದುದನ್ನೂ ಆತ ಹೇಳಿದ್ದಾನೆ.

ಈ ಕುದುರೆಯೇ ನಮ್ಮ ಕಥೆಯ ಕೀಲು. ದಖ್ಖನದ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವಗಳು ಹುಟ್ಟಿ ಬೆಳೆಯುವುದಿಲ್ಲ. ವಿಜಯನಗರಕ್ಕೂ ಬೇಕು, ಬಿಜಾಪುರಕ್ಕೂ ಬೇಕು. ಇಬ್ಬರಿಗೂ ಅದು ಅರಬ್ಬೀ ಕಡಲಿನ ಮೇಲೆಯೇ ಬರಬೇಕು. ಗೋವೆಯಲ್ಲಿ ಇಳಿದ ಕುದುರೆ ಬಿಜಾಪುರದ ಲಾಯಕ್ಕೆ, ಭಟ್ಕಳದಲ್ಲಿ ಇಳಿದ ಕುದುರೆ ವಿಜಯನಗರದ ಲಾಯಕ್ಕೆ. ಆದುದರಿಂದ ಯಾವ ಬಂದರಿಗೆ ಹಡಗು ತಿರುಗಿತು ಎಂಬುದು ಸುಂಕದವನ ಲೆಕ್ಕ ಮಾತ್ರವಾಗಿರಲಿಲ್ಲ. ಮುಂದಿನ ಯುದ್ಧದಲ್ಲಿ ಯಾರು ಗೆಲ್ಲುವರೆಂಬ ಲೆಕ್ಕವೂ ಆಗಿದ್ದಿತು.

ಮೊದಲ ಪಲಾಯನ

ಗಡಿ ದಾಟಿ ಓಡಿದವರ ಕಥೆಯು ರೂಮಿಗಳಿಂದ ಆರಂಭವಾಗುವುದಿಲ್ಲ, ಭಟ್ಕಳದಿಂದಲೇ ಆರಂಭವಾಗುತ್ತದೆ. ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿರುವಂತೆ, ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಭಟ್ಕಳದ ಮುಸಲ್ಮಾನ ವರ್ತಕರು ದಖ್ಖನದ ಸುಲ್ತಾನನಿಗೆ ಕುದುರೆಗಳನ್ನು ಮಾರಿದರೆಂಬ ಕೋಪಕ್ಕೆ ವಿಜಯನಗರದ ಅರಸನು ಅವರ ಕೊಲೆಗೆ ಅಪ್ಪಣೆ ಕಳುಹಿಸಿದನು. ಬಹು ಮಂದಿ ಸತ್ತರು. ಉಳಿದವರು ಹೆಂಡಿರು ಮಕ್ಕಳೊಡನೆ ಉತ್ತರಕ್ಕೆ ಓಡಿ ಗೋವೆಯಲ್ಲಿ ನೆಲಸಿದರು. ಹೋಗುವಾಗ ತಮ್ಮ ವ್ಯಾಪಾರದ ಜ್ಞಾನವನ್ನೂ ಕಡಲಾಚೆಯ ನಂಟನ್ನೂ ಜೊತೆಗೇ ಒಯ್ದರು. ೧೪೭೨ರಲ್ಲಿ ಮಹಮೂದ್ ಗವಾನನು ಬಹಮನೀ ರಾಜ್ಯಕ್ಕಾಗಿ ಗೆದ್ದಿದ್ದ ಗೋವೆಯ ಬಂದರು ಇವರ ಕೈಯಲ್ಲಿ ಚಿಗುರಿತು. ಕುದುರೆಯ ವ್ಯಾಪಾರ ಕೆಲವರನ್ನು ಕೊಂದರೆ ನಿಲ್ಲುತ್ತದೆಂದು ಎಣಿಸಿದ ಅರಸನು ಆ ವ್ಯಾಪಾರವನ್ನು ಶತ್ರುವಿನ ಮನೆಗೆ ತಾನೇ ಕಳುಹಿಸಿಕೊಟ್ಟಂತಾಯಿತು.

ಅಂದಿನಿಂದ ಗೋವೆಗೂ ಹೊನ್ನಾವರಕ್ಕೂ ಕಡಲಿನ ಮೇಲೆ ಹಗೆ. ಗೋವೆಗೆ ಹೋಗುವ ಕುದುರೆಯ ಹಡಗುಗಳನ್ನು ಅಡ್ಡಗಟ್ಟಿ ಹೊನ್ನಾವರ, ಭಟ್ಕಳಗಳ ಕಡೆ ತಿರುಗಿಸುವ ಕಾರ್ಯವನ್ನು ಕೈಗೊಂಡವನೇ ನಮ್ಮ ಕಥಾನಾಯಕ. ಪೋರ್ಚುಗೀಸರ ಬರಹಗಳಲ್ಲಿ ಆತ ತಿಮೋಜ. ಕನ್ನಡದಲ್ಲಿ ತಿಮ್ಮಯ್ಯನೆಂದು ಹೇಳುವುದುಂಟು. ಗೋವೆಯವರ ಪಾಲಿಗೆ ಕಡಲ್ಗಳ್ಳ; ಹೊನ್ನಾವರದವರ ಪಾಲಿಗೆ ನೌಕಾಪತಿ. ಒಂದೇ ಕೆಲಸಕ್ಕೆ ಗಡಿಯ ಈಚೆ ಒಂದು ಹೆಸರು, ಆಚೆ ಇನ್ನೊಂದು ಹೆಸರು, ಇದೇನೂ ಹೊಸತಲ್ಲ.

ಹೊಸ ನೆಂಟರು

ಈ ಹಗೆಯ ನಡುವೆ ಫಿರಂಗಿಗಳು ಬಂದರು. ೧೪೯೮ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ ತಿಮೋಜನ ದೋಣಿಗಳು ಅವುಗಳ ಮೇಲೆ ಏರಿಹೋದುವೆಂದೂ ತೋಪಿನ ಏಟಿಗೆ ಚದುರಿದುವೆಂದೂ ಬರೆದಿದೆ. ೧೫೦೨ರಲ್ಲಿ ಗಾಮನು ಮತ್ತೆ ಬಂದು ಭಟ್ಕಳದ ಅರಸನಿಂದ ಕರಾರು ಬರೆಯಿಸಿಕೊಂಡನು: ತುರುಕರೊಡನೆ ವ್ಯಾಪಾರ ಕೂಡದು, ಕಲ್ಲಿಕೋಟೆಗೆ ಹಡಗು ಕಳುಹಿಸಕೂಡದು, ಮೆಣಸಿನ ವ್ಯಾಪಾರ ಕೂಡದು, ವರ್ಷಕ್ಕೆ ಫಿರಂಗಿ ನಾವಿಕರಿಗೆ ಸಾವಿರ ಹೊರೆ ಸಾಮಾನ್ಯ ಅಕ್ಕಿ, ಅವರ ನಾಯಕರಿಗೆ ಐನೂರು ಹೊರೆ ಒಳ್ಳೆಯ ಅಕ್ಕಿ ಕಪ್ಪವಾಗಿ ಸಲ್ಲಬೇಕು. ಕಪ್ಪ ವಸೂಲು ಮಾಡುವಾಗಲೂ ಆಳಿಗೊಂದು ಅಕ್ಕಿ, ಅಧಿಕಾರಿಗೊಂದು ಅಕ್ಕಿ ಎಂಬ ಭೇದವನ್ನು ಅವರು ಮರೆಯಲಿಲ್ಲ.

೧೫೦೫ರ ಅಕ್ಟೋಬರಿನಲ್ಲಿ ವೈಸರಾಯ್ ಫ್ರಾನ್ಸಿಸ್ಕೋ ದ ಅಲ್ಮೇಡನು ಹೊನ್ನಾವರದ ಅಳಿವೆಯೊಳಗೆ ನುಗ್ಗಿ ಅಲ್ಲಿದ್ದ ಹಡಗುಗಳನ್ನು ಸುಟ್ಟನು. ಆಗ ಸಂಧಿಯ ಮಾತಾಡಲು ಮುಂದೆ ಬಂದವನು ತಿಮೋಜ. ತೋಪಿನೊಡನೆ ಹೋರಾಡುವುದಕ್ಕಿಂತ ತೋಪುಳ್ಳವನೊಡನೆ ಸ್ನೇಹ ಲೇಸೆಂಬ ತೀರ್ಮಾನಕ್ಕೆ ಆತ ಆ ಉರಿಯ ಬೆಳಕಿನಲ್ಲಿಯೇ ಬಂದಿರಬೇಕು.

ಇತ್ತ ಫಿರಂಗಿಗಳಿಗೂ ಒಬ್ಬ ದೊಡ್ಡ ಶತ್ರು ಹುಟ್ಟಿದ್ದನು. ಮೆಣಸಿನ ಹಾದಿಯನ್ನು ಕಳೆದುಕೊಂಡ ಈಜಿಪ್ಟಿನ ಮಾಮ್ಲೂಕ್ ಸುಲ್ತಾನನು ಅಮೀರ್ ಹುಸೇನನೆಂಬ ದಂಡನಾಯಕನ ಕೈಕೆಳಗೆ ನೌಕಾಬಲವೊಂದನ್ನು ಕೆಂಪು ಸಮುದ್ರದಿಂದ ಕಳುಹಿಸಿದನು. ಆ ಯೋಧರನ್ನು ನಮ್ಮ ಕಡೆಯ ಜನ ರೂಮಿಗಳೆನ್ನುತ್ತಿದ್ದರು. ೧೫೦೮ರಲ್ಲಿ ಚೌಲಿನ ಬಳಿ ರೂಮಿಗಳು ಗೆದ್ದರು. ಅಲ್ಮೇಡನ ಮಗ ಲೋರೆನ್ಸೋ ಅಲ್ಲಿ ಮಡಿದನು. ೧೫೦೯ರ ಫೆಬ್ರವರಿ ೩ರಂದು ದೀವ್ ಬಂದರಿನೆದುರು ತಂದೆಯು ಮಗನ ಸಾವಿಗೆ ಸೇಡು ತೀರಿಸಿಕೊಂಡನು. ರೂಮಿಗಳ ನೌಕಾಬಲ ನುಚ್ಚುನೂರಾಯಿತು. ಹುಸೇನನು ಗುಜರಾತಿನ ಒಳನಾಡಿಗೆ ಓಡಿದನು. ಅಳಿದುಳಿದವರಲ್ಲಿ ಒಂದು ಗುಂಪು ದಕ್ಷಿಣಕ್ಕೆ ಬಂದು ಗೋವೆಯಲ್ಲಿ ಆಶ್ರಯ ಪಡೆಯಿತು.

ಹಿಂದೊಮ್ಮೆ ಭಟ್ಕಳದವರಿಗೆ ಬಾಗಿಲು ತೆರೆದ ಗೋವೆಯು ಈಗ ರೂಮಿಗಳಿಗೂ ಬಾಗಿಲು ತೆರೆಯಿತು. ಹಡಗು ಕಟ್ಟಬಲ್ಲ, ತೋಪು ಹಾರಿಸಬಲ್ಲ ಕೈಗಳು ಯಾರಿಗೆ ಬೇಡ? ಆದಿಲ್ ಖಾನನ ಆಸರೆಯಲ್ಲಿ ಗೋವೆಯ ದಂಡೆಯ ಮೇಲೆ ಹೊಸ ಹಡಗುಗಳ ಪಕ್ಕೆಲುಬುಗಳು ಎದ್ದುವು.

ಮೂರು ಮಾತು

೧೫೦೯ರ ನವೆಂಬರಿನಲ್ಲಿ ಅಫೊನ್ಸೋ ದ ಅಲ್ಬುಕರ್ಕ್ ಫಿರಂಗಿಗಳ ಗವರ್ನರ್ ಆದನು. ಮುಂದಿನ ಜನವರಿಯಲ್ಲಿ ಕಲ್ಲಿಕೋಟೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡನು. ಜೊತೆಗಿದ್ದ ಮಾರ್ಷಲ್ ಕುಟಿನ್ಹೋ ಸತ್ತನು, ತಾನೂ ಗಾಯಗೊಂಡನು. ಬಳಿಕ ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಕೂಡಿಸಿಕೊಂಡು ಉತ್ತರಕ್ಕೆ ಹೊರಟಾಗ ಆತನ ಗುರಿ ಕೆಂಪು ಸಮುದ್ರವೆಂದು ಹೇಳಿಕೊಂಡಿದ್ದಿತು. ರೂಮಿಗಳನ್ನು ಅವರ ಮೂಲದಲ್ಲಿಯೇ ಹೊಸಕಬೇಕೆಂಬ ಉದ್ದೇಶ.

ಆ ಹಡಗುಪಡೆ ನಮ್ಮ ಕರಾವಳಿಗೆ ಬಂದಾಗ ತಿಮೋಜನು ಎದುರುಗೊಂಡನು. ಆತ ಹೇಳಿದ ಮಾತುಗಳ ಸಾರವು ಪೋರ್ಚುಗೀಸ್ ಬರಹಗಳಲ್ಲಿ ಉಳಿದಿದೆ. ಮೊದಲನೆಯದು: ರೂಮಿಗಳನ್ನು ಹುಡುಕಿಕೊಂಡು ಅಷ್ಟು ದೂರ ಏಕೆ ಹೋಗುತ್ತೀರಿ? ಅವರು ಇಲ್ಲಿಯೇ ಗೋವೆಯಲ್ಲಿದ್ದಾರೆ, ಹಡಗು ಕಟ್ಟುತ್ತಿದ್ದಾರೆ. ಅವರನ್ನು ಬೆನ್ನ ಹಿಂದೆ ಬಿಟ್ಟು ಹೋಗುವುದು ಅಪಾಯ. ಎರಡನೆಯದು: ಗೋವೆಯ ಒಡೆಯ ತೀರಿಕೊಂಡಿದ್ದಾನೆ, ರಾಜ್ಯ ಎಳೆಯ ಮಗನ ಕೈಗೆ ಬಂದಿದೆ, ಕಾವಲು ಸಡಿಲವಾಗಿದೆ. ಮೂರನೆಯದು: ಊರಿನ ಹಿಂದೂ ಪ್ರಜೆಗಳು ತೆರಿಗೆಯ ಭಾರದಿಂದ ಬೇಸತ್ತಿದ್ದಾರೆ, ನಿಮಗೆ ಎದುರು ನಿಲ್ಲರು.

ವಾಚಕರು ಈ ಮೂರು ಮಾತುಗಳ ಜೋಡಣೆಯನ್ನು ಗಮನಿಸಬೇಕು. ಮೊದಲನೆಯದು ಭಯವನ್ನು ಹುಟ್ಟಿಸುವ ಮಾತು. ಎರಡನೆಯದು ಆಸೆಯನ್ನು ಹುಟ್ಟಿಸುವ ಮಾತು. ಮೂರನೆಯದು ಅಂತಃಸಾಕ್ಷಿಯನ್ನು ಸಮಾಧಾನಪಡಿಸುವ ಮಾತು. ಒಬ್ಬ ಬಲಶಾಲಿಯನ್ನು ಇನ್ನೊಬ್ಬನ ಮನೆಯೊಳಗೆ ನುಗ್ಗಿಸಬೇಕಾದರೆ ಈ ಮೂರು ಬೇಕು, ಈ ಮೂರು ಸಾಕು. ತಿಮೋಜನು ಯಾವ ಪಾಠಶಾಲೆಯಲ್ಲಿಯೂ ರಾಜನೀತಿಯನ್ನು ಓದಿದವನಲ್ಲ. ಆದರೂ ಇಂದಿನ ರಾಯಭಾರ ಕಚೇರಿಗಳು ಸಿದ್ಧಪಡಿಸುವ ಟಿಪ್ಪಣಿಗಳು ಇದಕ್ಕಿಂತ ಅಚ್ಚುಕಟ್ಟಾಗಿರಲಾರವು.

ಮಾತುಗಳಲ್ಲಿ ಸತ್ಯವೆಷ್ಟು? ಮೊದಲನೆಯದು ನಿಜ. ಗೋವೆ ಕೈವಶವಾದಾಗ ಕಟ್ಟುತ್ತಿದ್ದ ಹಡಗುಗಳೂ ತೋಪು ಮದ್ದುಗಳೂ ಅಲ್ಲಿ ಸಿಕ್ಕಿದುವು. ಮೂರನೆಯದೂ ಬಹುಮಟ್ಟಿಗೆ ನಿಜ. ೧೫೧೦ರ ಫೆಬ್ರವರಿ ೧೭ರಂದು ಅಲ್ಬುಕರ್ಕನು ಹೆಚ್ಚಿನ ಕಾಳಗವಿಲ್ಲದೆಯೇ ಪಟ್ಟಣವನ್ನು ಹೊಕ್ಕನು. ಎರಡನೆಯದು ಮಾತ್ರ ಮೂರು ತಿಂಗಳಲ್ಲಿ ಹುಸಿಯಾಯಿತು. ಸಡಿಲವೆಂದು ಹೇಳಿದ ಬಿಜಾಪುರವು ಮೇ ತಿಂಗಳಲ್ಲಿ ಭಾರಿ ಸೈನ್ಯದೊಡನೆ ಬಂದು ಫಿರಂಗಿಗಳನ್ನು ಹಡಗುಗಳಿಗೆ ಅಟ್ಟಿತು. ಮಳೆಗಾಲದ ಕಡಲು ಹೊರಗೆ ಬಿಡದು, ದಡದ ತೋಪುಗಳು ಒಳಗೆ ಇರಗೊಡವು. ಮಾಂಡವಿಯ ನೀರಿನಲ್ಲಿ ಅವರು ಆಗಸ್ಟಿನವರೆಗೆ ಹಸಿದು ಕುಳಿತರು.

ಹೇಳಿದವನಿಗೆ ಏನು ಬೇಕಾಗಿತ್ತು? ಫಿರಂಗಿಗಳು ಗೋವೆಯನ್ನು ಹೊಡೆದು, ರೂಮಿಗಳನ್ನು ಚದುರಿಸಿ, ಊರನ್ನು ಕಪ್ಪಕಾಣಿಕೆಯ ಕರಾರಿನ ಮೇಲೆ ತನ್ನ ಕೈಗೊಪ್ಪಿಸಿ ಮುಂದೆ ಹೋಗುವರೆಂದು ತಿಮೋಜನು ನೆಚ್ಚಿದ್ದನು. ಹಗೆಯ ಬಂದರು ತನ್ನ ಬಂದರಾಗಬೇಕು, ಕುದುರೆಯ ಸುಂಕ ತನ್ನ ಪೆಟ್ಟಿಗೆಗೆ ಬರಬೇಕು, ಅಷ್ಟೇ. ಆದರೆ ಅಲ್ಬುಕರ್ಕನು ಊರನ್ನು ನೋಡಿದನು, ಬಂದರನ್ನು ನೋಡಿದನು, ಸುತ್ತಲಿನ ನದಿಗಳನ್ನು ನೋಡಿದನು. ನಾನು ಇಲ್ಲಿಂದ ಹೋಗುವುದಿಲ್ಲ ಎಂದನು. ತಿಮೋಜನ ಪಾಲಿಗೆ ಬಂದುದು ಹೊರಭೂಮಿಗಳ ಕಂದಾಯದ ಗುತ್ತಿಗೆ ಮತ್ತು ಒಂದು ಅಧಿಕಾರದ ಹೆಸರು. ಇಲಿಯ ಮೇಲಣ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟವನ ಕಥೆ ನಮಗೆ ಗೊತ್ತು. ಇಲಿಯನ್ನು ಹಿಡಿಯಲು ಕರೆತಂದವನು ಮನೆಯಲ್ಲಿಯೇ ಉಳಿದ ಕಥೆ ಇದು.

ವಿಜಯನಗರದ ಮೌನ

ಇಷ್ಟೆಲ್ಲ ನಡೆಯುತ್ತಿರುವಾಗ ಹೊನ್ನಾವರ ಭಟ್ಕಳಗಳ ಮೇಲಣ ಸಾರ್ವಭೌಮನು ಏನು ಮಾಡುತ್ತಿದ್ದನು? ೧೫೦೯ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನಿಗೆ ಆಗಿನ್ನೂ ಸಿಂಹಾಸನ ಹೊಸತು. ಉತ್ತರದ ಗಡಿಯಲ್ಲಿ ಯುದ್ಧ. ಅಲ್ಮೇಡನು ಹಿಂದೆ ಭಟ್ಕಳದಲ್ಲಿ ಕೋಟೆ ಕಟ್ಟಲು ಅನುಮತಿ ಬೇಡಿದಾಗ ವಿಜಯನಗರವು ಉತ್ತರವನ್ನೇ ಕೊಟ್ಟಿರಲಿಲ್ಲ. ೧೫೧೦ರ ಆದಿಯಲ್ಲಿ ಅಲ್ಬುಕರ್ಕನು ಲುಯೀಸ್ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯನ್ನು ರಾಯಭಾರಿಯಾಗಿ ಕಳುಹಿಸಿದನು. ಸಂನ್ಯಾಸಿಯ ಜೋಳಿಗೆಯಲ್ಲಿದ್ದ ಪ್ರಲೋಭನೆ ಕುದುರೆಯೇ: ಹೋರ್ಮುಜಿನ ಕುದುರೆಗಳನ್ನು ಭಟ್ಕಳಕ್ಕೆ, ಇಲ್ಲವೆ ರಾಯನು ಹೇಳಿದ ಬೇರೊಂದು ಬಂದರಿಗೆ ಇಳಿಸುತ್ತೇವೆ, ರಾಯನ ಹಗೆಯಾದ ದಖ್ಖನದವನಿಗೆ ಕೊಡುವುದಿಲ್ಲ. ಪ್ರತಿಯಾಗಿ ಕಲ್ಲಿಕೋಟೆಯ ಸಾಮೂದಿರಿಯ ಮೇಲೆ ರಾಯನ ನೆರವು ಬೇಕು, ಕರಾವಳಿಯಲ್ಲಿ ನೆಲೆ ಬೇಕು.

ರಾಯನು ಸಂನ್ಯಾಸಿಯನ್ನು ಆದರಿಸಿದನು. ಸೈನ್ಯವನ್ನು ಮಾತ್ರ ಕಳುಹಿಸಲಿಲ್ಲ. ಗಡಿಯಾಚೆ ಬಿಜಾಪುರಕ್ಕೆ ಪೆಟ್ಟು ಬಿದ್ದರೆ ಆತನಿಗೆ ಸಂತೋಷ; ಆ ಪೆಟ್ಟನ್ನು ತನ್ನ ಕೈಯಿಂದ ಕೊಡುವ ಅಗತ್ಯ ಆತನಿಗೆ ಕಾಣಲಿಲ್ಲ. ತಿಮೋಜನು ತನ್ನ ಅಧೀನ ಸೀಮೆಯವನಾದರೂ ಆತನನ್ನು ತಡೆಯಲಿಲ್ಲ, ಹುರಿದುಂಬಿಸಲೂ ಇಲ್ಲ. ಗೆದ್ದರೆ ಲಾಭದಲ್ಲಿ ಪಾಲು, ಸೋತರೆ ಅದು ಹೊನ್ನಾವರದ ಕಡಲ್ಗಳ್ಳನೊಬ್ಬನ ಸಾಹಸ. ಈ ಬಗೆಯ ಮೌನಕ್ಕೆ ರಾಜನೀತಿಯಲ್ಲಿ ದೊಡ್ಡ ಬೆಲೆಯಿದೆ. ಗೋವೆ ಕೊನೆಗೂ ಫಿರಂಗಿಗಳ ಪಾಲಾದ ಮೇಲೆ ವಿಜಯನಗರದ ದೂತರು ಸ್ನೇಹದ ಮಾತುಗಳೊಡನೆ ಬಂದರು. ಅಷ್ಟು ಕಾಲ ಬಾರದಿದ್ದ ಭಟ್ಕಳದ ಕೋಟೆಯ ಅನುಮತಿಯೂ ಬಂದಿತು. ಬಡ ಲುಯೀಸ್ ಆ ಸಂತೋಷವನ್ನು ಬಹುಕಾಲ ಅನುಭವಿಸಲಿಲ್ಲ. ವಿಜಯನಗರದಲ್ಲಿಯೇ ತುರುಕನೊಬ್ಬನ ಕೈಯಿಂದ ಆತ ಕೊಲೆಯಾದನು. ಅದರ ಹಿಂದೆ ಬಿಜಾಪುರದ ಕೈಯಿದೆಯೆಂದು ಪೋರ್ಚುಗೀಸರು ನಂಬಿದರು.

ರಾಯನ ಲೆಕ್ಕಾಚಾರ ತಪ್ಪಿತೆಂದು ಹೇಳಲಾಗದು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ಟೋವಾವ್ ದ ಫಿಗೆರೆದೊ ಮತ್ತು ಆತನ ಜೊತೆಯ ಪೋರ್ಚುಗೀಸ್ ಬಂದೂಕುಗಾರರು ಆತನಿಗೆ ನೆರವಾದರು. ಆದರೆ ಕುದುರೆಯ ವಿಷಯದಲ್ಲಿ ಫಿರಂಗಿಯು ಮಾತಿಗೆ ನಿಲ್ಲಲಿಲ್ಲ. ೧೫೧೪ರಲ್ಲಿ ಕೃಷ್ಣದೇವರಾಯನು ಸಾವಿರ ಕುದುರೆಗಳನ್ನು ತನಗೊಬ್ಬನಿಗೇ ಮಾರಬೇಕೆಂದು ದೊಡ್ಡ ಹಣವನ್ನು ಒಡ್ಡಿದಾಗ ಅಲ್ಬುಕರ್ಕನು ಒಪ್ಪಲಿಲ್ಲ. ಒಬ್ಬ ಗಿರಾಕಿಗಿಂತ ಇಬ್ಬರು ಗಿರಾಕಿಗಳಿರುವುದು ಲೇಸೆಂಬ ಸಂತೆಯ ನ್ಯಾಯ ಆತನಿಗೆ ಗೊತ್ತಿದ್ದಿತು.

ಕೊಡಲಿಯ ಕಾವು

೧೫೧೦ರ ಮಳೆಗಾಲ ಮುಗಿದ ಮೇಲೆ ಅಲ್ಬುಕರ್ಕನ ಹಡಗುಗಳು ಮೊದಲು ಬಂದು ಉಸಿರೆಳೆದುಕೊಂಡುದು ಹೊನ್ನಾವರದಲ್ಲಿ. ಅನ್ನವೂ ಅಲ್ಲಿಯೇ, ಸುದ್ದಿಯೂ ಅಲ್ಲಿಯೇ. ಬಿಜಾಪುರದ ಮುಖ್ಯ ಸೈನ್ಯವು ಗೋವೆಯನ್ನು ಬಿಟ್ಟುಹೋಗಿದೆಯೆಂಬ ಸುದ್ದಿಯನ್ನು ತಿಮೋಜನೇ ಕೊಟ್ಟನು. ನವೆಂಬರ್ ೨೫ರಂದು ಗೋವೆ ಎರಡನೆಯ ಬಾರಿ ಬಿದ್ದಿತು. ಈ ಸಲ ಬಾಗಿಲು ತಾನಾಗಿ ತೆರೆಯಲಿಲ್ಲ; ಬೀದಿಬೀದಿಯಲ್ಲಿ ಕಾಳಗವಾಯಿತು. ಅನಂತರ ಊರಿನ ಮುಸಲ್ಮಾನರನ್ನು ದಿನಗಟ್ಟಲೆ ಹುಡುಕಿ ಕೊಂದರು. ಸುಮಾರು ೬,೦೦೦ ಜನ ಸತ್ತರೆಂದು ಅಲ್ಬುಕರ್ಕನು ತನ್ನ ಅರಸನಿಗೆ ತಾನೇ ಬರೆದನು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ದೀವ್‌ನಿಂದ ಓಡಿಬಂದ ಯೋಧರಿಗಾಗಿ ತೊಡಗಿದ ಕಾರ್ಯ, ದೀವ್ ಎಲ್ಲಿದೆಯೆಂದೂ ತಿಳಿಯದ ಮಕ್ಕಳ ಮೇಲೆ ಮುಗಿಯಿತು. ಭಟ್ಕಳದಿಂದ ಹಿಂದೊಮ್ಮೆ ಪ್ರಾಣ ಉಳಿಸಿಕೊಂಡು ಓಡಿದವರ ಮೊಮ್ಮಕ್ಕಳೂ ಆ ಬೀದಿಗಳಲ್ಲಿ ಇದ್ದಿರಬೇಕೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ತಿಮೋಜನ ಗತಿ? ೧೫೧೧ರಲ್ಲಿ ಗೋವೆಯ ಹೊರಭೂಮಿಗಳ ಆಡಳಿತವನ್ನು ಅಲ್ಬುಕರ್ಕನು ಹೊನ್ನಾವರದ ಅರಸುಮನೆತನದ ಮಲ್ಹಾರರಾಯನಿಗೆ ಒಪ್ಪಿಸಿದನು, ತಿಮೋಜನು ಎರಡನೆಯವನಾದನು. ಅದೂ ಬಹುಕಾಲ ನಿಲ್ಲಲಿಲ್ಲ. ಬಿಜಾಪುರದ ಸೇನಾನಿ ಫೌಲಾದ್ ಖಾನನು ಇಬ್ಬರನ್ನೂ ಸೋಲಿಸಿ ಓಡಿಸಿದನು. ಮಲ್ಹಾರರಾಯನು ಮುಂದೆ ಹೊನ್ನಾವರದ ಪಟ್ಟಕ್ಕೆ ಬಂದನು. ತಿಮೋಜನು ವಿಜಯನಗರಕ್ಕೆ ಓಡಿಹೋಗಿ ಅಲ್ಲಿಯೇ ತೀರಿಕೊಂಡನೆಂದು ಪೋರ್ಚುಗೀಸರ ಬರಹಗಳು ಹೇಳುತ್ತವೆ. ಗಡಿಯಾಚೆ ಓಡಿಹೋದವರ ಸುದ್ದಿಯನ್ನು ಮಾರಿದವನು ಕೊನೆಗೆ ತಾನೂ ಓಡಿಹೋದವನಾದನು.

ನನ್ನ ತರಗತಿಯಲ್ಲಿ ಈ ಪ್ರಸಂಗ ಬಂದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ತಿಮೋಜ ದೇಶದ್ರೋಹಿಯಲ್ಲವೆ? ಪ್ರಶ್ನೆ ಸಹಜ, ಆದರೆ ಅದರಲ್ಲಿ ಸ್ವಲ್ಪ ಅವಸರವಿದೆ. ಆತನ ದೇಶವೆಂದರೆ ಶರಾವತಿಯ ಅಳಿವೆ. ಆತನ ಶತ್ರುವೆಂದರೆ ಗೋ��ೆ. ತನ್ನ ಬಂದರಿಗೆ ಒಳಿತನ್ನೇ ಮಾಡುತ್ತಿದ್ದೇನೆಂದು ಆತ ಪ್ರಾಮಾಣಿಕವಾಗಿ ನಂಬಿರಬಹುದು. ಆತನ ಕುರುಡು ದ್ರೋಹದ್ದಲ್ಲ, ಅಳತೆಯದು. ಸುಮಾರು ತೊಂಬತ್ತು ಮೈಲಿಯಾಚೆಯ ಹಗೆ ಆತನಿಗೆ ದೊಡ್ಡದಾಗಿ ಕಂಡಿತು. ಸಾವಿರಾರು ಮೈಲಿಯಾಚೆಯಿಂದ ಬಂದವನ ಹಸಿವು ಚಿಕ್ಕದಾಗಿ ಕಂಡಿತು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎನ್ನುತ್ತದೆ ಗಾದೆ. ತಾನು ಕಾವಾಗಿರುವೆನೆಂದು ಕಾವಿಗೆ ತಿಳಿಯುವುದು ಮಾತ್ರ ಮರ ಉರುಳಿದ ಮೇಲೆಯೇ.

ಮರ ಉರುಳಿದುದೂ ನಿಜ. ಗೋವೆಯಲ್ಲಿ ನೆಲೆನಿಂತ ಫಿರಂಗಿಯು ಕುದುರೆಯ ಹಡಗುಗಳೆಲ್ಲ ಗೋವೆಗೇ ಬರಬೇಕೆಂದು ಕಟ್ಟುಮಾಡಿದನು. ಭಟ್ಕಳಕ್ಕೆ ತಿರುಗಿದ ಹಡಗುಗಳನ್ನು ಹಿಡಿಸಿದನು. ತಿಮೋಜನು ಗೋವೆಗೆ ಮಾಡುತ್ತಿದ್ದುದನ್ನೇ ಈಗ ಗೋವೆಯು ಭಟ್ಕಳಕ್ಕೆ ಮಾಡಿತು. ೧೫೪೨ರಲ್ಲಿ ಗವರ್ನರ್ ಮಾರ್ತಿಮ್ ಅಫೊನ್ಸೋ ದ ಸೋಜನು ಭಟ್ಕಳದ ಮೇಲೆ ಬಿದ್ದು ಊರನ್ನು ಸುಟ್ಟನು. ಆತ ಕೊಟ್ಟ ಕಾರಣಗಳನ್ನು ಕೇಳಿರಿ: ಭಟ್ಕಳದ ರಾಣಿಯು ಕಪ್ಪವನ್ನು ಸಲ್ಲಿಸಿಲ್ಲ, ಕಡಲ್ಗಳ್ಳರಿಗೆ ಆಶ್ರಯ ಕೊಟ್ಟಿದ್ದಾಳೆ! ಮೂವತ್ತೆರಡು ವರ್ಷಗಳ ಹಿಂದೆ ಹೊನ್ನಾವರದವನೊಬ್ಬನು ಗೋವೆಯ ಮೇಲೆ ಹೊರಿಸಿದ ಆರೋಪವೇ ತಿರುಗಿಬಂದು ನೆರೆಯ ಭಟ್ಕಳದ ಮೇಲೆ ಬಿದ್ದಿತು. ೧೫೬೯ರಲ್ಲಿ ಹೊನ್ನಾವರದ ಸರದಿ. ಗೇರುಸೊಪ್ಪೆಯ ರಾಣಿಗೆ ಸೇರಿದ್ದ ಆ ಊರನ್ನು ವೈಸರಾಯ್ ಲುಯೀಸ್ ದ ಅತಾಯಿದೆ ಗೆದ್ದು ಕೋಟೆಯನ್ನು ಬಲಪಡಿಸಿದನು. ಪೋರ್ಚುಗೀಸರೇ ಮೆಣಸಿನ ರಾಣಿಯೆಂದು ಹೆಸರಿಟ್ಟ ಚೆನ್ನಭೈರಾದೇವಿಯ ನೆನಪನ್ನು ಹೊತ್ತ ಮಿರ್ಜಾನದ ಕೋಟೆ ಇಂದಿಗೂ ಕುಮಟೆಯ ಸಮೀಪದಲ್ಲಿದೆ. ಮಳೆಗಾಲದಲ್ಲಿ ಅದರ ಕೆಂಪುಕಲ್ಲಿನ ಗೋಡೆಗಳ ಮೇಲೆ ಹಸುರು ಹಾವಸೆ ಹಬ್ಬುತ್ತದೆ, ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ.

ಅದೇ ನೀರು, ಬೇರೆ ಹಡಗು

ಇದೆಲ್ಲ ಹಳೆಯ ಕಾಲದ ಮಾತು ಎಂದು ವಾಚಕರು ಭಾವಿಸಬಾರದು. ಎರಡನೆಯ ಮಹಾಯುದ್ಧ ಮೊದಲಾದಾಗ ಜರ್ಮನರ ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ವ್ಯಾಪಾರದ ಹಡಗುಗಳು ಗೋವೆಯ ಮುರಗಾಂವ್ ಬಂದರನ್ನು ಹೊಕ್ಕು ಕುಳಿತುವು. ಇಟಲಿಯ ಆನ್ಫೋರಾ ಎಂಬುದೂ ಜೊತೆಗೂಡಿತು. ಪೋರ್ಚುಗಲ್ ತಟಸ್ಥ ರಾಷ್ಟ್ರ; ಆಶ್ರಯ ಬೇಡಿ ಬಂದವರನ್ನು ಹೊರಗಟ್ಟುವ ಬಾಧ್ಯತೆ ಅದಕ್ಕಿರಲಿಲ್ಲ. ಎಹ್ರೆನ್‌ಫೆಲ್ಸ್ ಹಡಗಿನಲ್ಲಿ ಗುಪ್ತ ರೇಡಿಯೋ ಇದೆ, ಅದರಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಎಂಬ ಸಂಶಯ ಬ್ರಿಟಿಷರಿಗೆ ಹುಟ್ಟಿತು. ಪೋರ್ಚುಗಲ್ ಅವರಿಗೆ ೧೩೭೩ರಿಂದ ಸ್ನೇಹದ ರಾಷ್ಟ್ರ. ಬಹಿರಂಗವಾಗಿ ಸೈನ್ಯ ಕಳುಹಿಸುವಂತಿಲ್ಲ. ಆದುದರಿಂದ ಕಲಕತ್ತೆಯ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ದಳದ ನಡುವಯಸ್ಸಿನ ಗುಮಾಸ್ತೆ ವ್ಯಾಪಾರಿಗಳನ್ನು ಕೂಡಿಸಿದರು. ಅವರು ಕೊಚ್ಚಿಯಿಂದ ಫೀಬೀ ಎಂಬ ಹಳೆಯ ನಾವೆಯಲ್ಲಿ ಹೊರಟು, ನಾಲ್ಕು ಶತಮಾನಗಳ ಹಿಂದೆ ಅಲ್ಬುಕರ್ಕನು ಹೋದ ಹಾದಿಯಲ್ಲಿಯೇ, ಭಟ್ಕಳ ಹೊನ್ನಾವರ ಕುಮಟೆಗಳ ಎದುರಿನ ಕಡಲನ್ನು ದಾಟಿ, ೧೯೪೩ರ ಮಾರ್ಚ್ ೯ರ ರಾತ್ರಿ ಎಹ್ರೆನ್‌ಫೆಲ್ಸನ್ನು ಹತ್ತಿದರು. ಅದರ ಕಪ್ತಾನನು ಸತ್ತನು. ಜರ್ಮನರೂ ಇಟಲಿಯವರೂ ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಪೋರ್ಚುಗೀಸ್ ನ್ಯಾಯಾಲಯವು ವಿಚಾರಣೆಗೆ ಎಳೆದುದು ಮುಳುಗಿಸಿದ ನಾವಿಕರನ್ನು. ಈ ದಾಳಿಯ ವಿವರ ಜನರಿಗೆ ವಿಶದವಾಗಿ ತಿಳಿದುದು ೧೯೭೮ರಲ್ಲಿ, ಜೇಮ್ಸ್ ಲೀಸರನ ಪುಸ್ತಕದಿಂದ. ಆ ಗುಪ್ತ ರೇಡಿಯೋದ ಮಾತು ಎಷ್ಟರಮಟ್ಟಿಗೆ ನಿಜವೆಂಬುದರಲ್ಲಿ ಇಂದಿಗೂ ಅಭ್ಯಾಸಿಗಳಿಗೆ ಒಮ್ಮತವಿಲ್ಲ.

ಒಂದು ಕಾಲದಲ್ಲಿ ಆದಿಲ್ ಖಾನನು ಆಶ್ರಯದಾತ, ಪೋರ್ಚುಗೀಸರು ಆಕ್ರಮಣಕಾರರು. ಇನ್ನೊಂದು ಕಾಲದಲ್ಲಿ ಪೋರ್ಚುಗೀಸರೇ ಆಶ್ರಯದಾತರು. ಬಂದರು ಅದೇ ಗೋವೆಯದು, ವಾದ ಅದೇ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ: ೧೯೪೩ರಲ್ಲಿ ಹೋದವರು ರಾತ್ರಿ ಹೋಗಿ ಬೆಳಗಾಗುವುದರೊಳಗೆ ಹಿಂದಿರುಗಿದರು, ೧೫೧೦ರಲ್ಲಿ ಬಂದವರನ್ನು ಹಿಂದಿರುಗಿಸಲು ೧೯೬೧ರ ಡಿಸೆಂಬರ್ ೧೯ರವರೆಗೆ ಕಾಯಬೇಕಾಯಿತು.

ಸುದ್ದಿ ನಿಜವೆ ಸುಳ್ಳೆ ಎಂದು ಕೇಳುವುದು ವಿವೇಕದ ಮೊದಲ ಮೆಟ್ಟಿಲು. ನಮ್ಮಲ್ಲಿ ಹಲವರು ಅಲ್ಲಿಗೇ ನಿಲ್ಲುತ್ತೇವೆ. ಹೇಳುವವನಿಗೆ ಇದರಿಂದ ಏನು ದಕ್ಕುತ್ತದೆ, ಕೇಳುವವನಿಗೆ ಮೊದಲೇ ಏನು ಬೇಕಾಗಿದ್ದಿತು, ಬಂದ ನೆರವು ಕೆಲಸ ಮುಗಿದ ಮೇಲೆ ಎದ್ದುಹೋಗುವುದೆ ಎಂಬ ಇನ್ನೂ ಮೂರು ಮೆಟ್ಟಿಲುಗಳಿವೆ. ರೂಮಿಗಳು ಗೋವೆಯಲ್ಲಿ ಹಡಗು ಕಟ್ಟುತ್ತಿದ್ದುದು ನಿಜ. ಆದರೆ ಅವರನ್ನು ಕಳುಹಿಸಿದ್ದ ಈಜಿಪ್ಟಿನ ಸುಲ್ತಾನಿಕೆಯೇ ೧೫೧೭ರಲ್ಲಿ ಆಟೋಮನ್ ತುರ್ಕರ ಕೈಯಲ್ಲಿ ಅಳಿಯಿತು. ಏಳು ವರ್ಷ ತಡೆದಿದ್ದರೆ ತಿಮೋಜನು ಹೇಳಿದ ಭಯಕ್ಕೆ ಒಡೆಯನೇ ಇರುತ್ತಿರಲಿಲ್ಲ. ಆ ಭಯಕ್ಕೆ ಕೊಟ್ಟ ಮದ್ದಿಗಾಗಿ ಭಟ್ಕಳದವರು ಮಾತ್ರ ವರ್ಷ ವರ್ಷವೂ ಅಕ್ಕಿಯನ್ನು ಅಳೆಯುತ್ತಲೇ ಇದ್ದರು.